ಚೌಟ ಅರಸುಮನೆತನ

ಚೌಟರು ಇಂದಿನ ದಕ್ಷಿಣ ಕನ್ನಡ ಜಿಲ್ಲೆಯ ಉಳ್ಳಾಲ, ಪುತ್ತಿಗೆ ಹಾಗೂ ಮೂಡಬಿದಿರೆಗಳನ್ನು ಕೇಂದ್ರವಾಗಿಸಿಕೊಂಡು ಆಳಿದ ತುಳುನಾಡಿನ ಜೈನ ಅರಸುಮನೆತನ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಈ ಮನೆತನದವಳು.

ಹಿನ್ನೆಲೆ

ಮನೆತನದ ಆಳ್ವಿಕೆ 12ನೇ ಶತಮಾನದಲ್ಲಿ ಆರಂಭವಾಯಿತೆಂದು ಪರಂಪರೆ ಹೇಳುತ್ತದೆ. ತುಳುನಾಡು ಆಗ ಹಲವು ಸಣ್ಣ ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಬೆಳ್ತಂಗಡಿ ಪ್ರದೇಶದ ಬಂಗಾಡಿ ಮತ್ತು ಬಂಟ್ವಾಳ ಸಮೀಪದ ನಂದಾವರ ಬಂಗರಸರ ನೆಲೆಗಳಾಗಿದ್ದವು. ವೇಣೂರಿನಲ್ಲಿ ಅಜಿಲರು, ಮೂಲ್ಕಿಯಲ್ಲಿ ಸಾವಂತರು ಆಳುತ್ತಿದ್ದರು. ಈ ಮನೆತನಗಳು ಪರಸ್ಪರ ವಿವಾಹ ಸಂಬಂಧವನ್ನೂ ವೈರವನ್ನೂ ಬೆಳೆಸಿದ್ದವು. ಚೌಟರು ವಿಜಯನಗರದ, ಅನಂತರ ಕೆಳದಿ ನಾಯಕರ ಅಧೀನದಲ್ಲಿದ್ದರು. ಜೈನರಾಗಿದ್ದರೂ ಉಳ್ಳಾಲದ ಸೋಮನಾಥನನ್ನು ಆರಾಧಿಸುತ್ತಿದ್ದರು.

ಅಳಿಯಸಂತಾನ ಪದ್ಧತಿ

ಚೌಟರಲ್ಲಿ ಅಧಿಕಾರ ತಂದೆಯಿಂದ ಮಗನಿಗೆ ಹೋಗುತ್ತಿರಲಿಲ್ಲ. ತಾಯಿಯ ಸಂತತಿಯಲ್ಲಿ ಮುಂದುವರಿಯುತ್ತಿತ್ತು. ಅರಸನ ಉತ್ತರಾಧಿಕಾರಿಯಾಗುವವರು ಅವನ ಸೋದರಿಯ ಮಕ್ಕಳು. ಆದುದರಿಂದ ಈ ಮನೆತನದ ಹೆಣ್ಣು ಪಟ್ಟವೇರಿದಾಗ ಅದು ಪತಿಯ ಅಥವಾ ಮಗನ ಪರವಾಗಿ ನಡೆಸಿದ ಆಡಳಿತವಲ್ಲ, ಆಕೆಯ ಸ್ವಂತ ಹಕ್ಕು. ವಿವಾಹಾನಂತರವೂ ಆಕೆ ತವರಿನ ಕುಟುಂಬಕ್ಕೇ ಸೇರಿದವಳಾಗಿದ್ದಳು. ಅಬ್ಬಕ್ಕನ ಚರಿತ್ರೆ ಈ ಪದ್ಧತಿಯ ಹಿನ್ನೆಲೆಯಲ್ಲಿ ಮಾತ್ರ ಸರಿಯಾಗಿ ಅರ್ಥವಾಗುತ್ತದೆ.

ಅಬ್ಬಕ್ಕ

ಪರಂಪರೆಯ ಪ್ರಕಾರ, ಸೋದರಮಾವ ತಿರುಮಲರಾಯ ಚೌಟನ ಬಳಿಕ ಅಬ್ಬಕ್ಕ ಉಳ್ಳಾಲದ ಪಟ್ಟಕ್ಕೆ ಬಂದಳು. ಮಂಗಳೂರಿನ ಬಂಗರಸ ಆಕೆಯ ಪತಿ. ಕರಾವಳಿಯ ಅಕ್ಕಿ ಮತ್ತು ಕಾಳುಮೆಣಸಿನ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತರಲು ಪೋರ್ಚುಗೀಸರು ಕಪ್ಪಕಾಣಿಕೆ ಕೇಳುತ್ತಿದ್ದರು. ಉಳ್ಳಾಲ ಪದೇ ಪದೇ ಅವರ ದಾಳಿಗೆ ಗುರಿಯಾಯಿತು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದ ಬಳಿಕವೂ ಉಳ್ಳಾಲದ ಪ್ರತಿರೋಧ ನಿಲ್ಲಲಿಲ್ಲ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದಳು; ತಲೆಯ ಮೇಲೆ ತಾಳೆಯೋಲೆಯ ಕೊಡೆಯಿತ್ತು. ಆಕೆ ಬಂಗರಸನನ್ನು ತೊರೆದುದನ್ನೂ, ಅವನ ಹಾಗೂ ಪೋರ್ಚುಗೀಸರ ವಿರುದ್ಧ ಕೆಳದಿಯ ವೆಂಕಟಪ್ಪ ನಾಯಕನ ನೆರವು ಪಡೆದುದನ್ನೂ ಅವನು ದಾಖಲಿಸಿದ್ದಾನೆ. 16ನೇ ಶತಮಾನದ ನಡುವಿನ ಹೋರಾಟಗಳಿಗೂ ಈ ಭೇಟಿಗೂ ನಡುವೆ ಸುಮಾರು ಏಳು ದಶಕಗಳ ಅಂತರವಿದೆ. ಹೀಗಾಗಿ ಅಬ್ಬಕ್ಕ ಎಂಬ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರು ಆಳಿದ್ದರೆಂದೂ, ಜನಮನದಲ್ಲಿ ಅವರೆಲ್ಲ ಒಬ್ಬಳೇ ಆಗಿ ಉಳಿದಿದ್ದಾರೆಂದೂ ಹಲವು ಸಂಶೋಧಕರು ಅಭಿಪ್ರಾಯಪಡುತ್ತಾರೆ.

ಮೂಡಬಿದಿರೆಯ ಅರಮನೆ

ಚೌಟರು ಮುಂದೆ ಪುತ್ತಿಗೆಯಿಂದ ಸಮೀಪದ ಮೂಡಬಿದಿರೆಗೆ ನೆಲೆ ಬದಲಿಸಿದರು. ಜೈನ ವರ್ತಕರ ಈ ಪಟ್ಟಣದಲ್ಲಿ 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿ ಆಗಲೇ ಪ್ರಸಿದ್ಧವಾಗಿತ್ತು. ಇಲ್ಲಿನ ಚೌಟರ ಅರಮನೆ ಮರದ ಕೆತ್ತನೆಗೆ ಹೆಸರಾಗಿದೆ. ಒಂಬತ್ತು ಸ್ತ್ರೀಯರು ಸೇರಿ ಆನೆಯಾಗಿ ಕಾಣುವ ನವನಾರೀಕುಂಜರ, ಐವರು ಸೇರಿ ಕುದುರೆಯಾಗಿ ಕಾಣುವ ಪಂಚನಾರೀತುರಗ ಇದರ ಕಂಬಗಳ ಮೇಲಿನ ಪ್ರಸಿದ್ಧ ಶಿಲ್ಪಗಳು.

ಅವನತಿ ಮತ್ತು ಸ್ಮರಣೆ

ಕೆಳದಿ ನಾಯಕರ, ಬಳಿಕ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಸ್ಥಳೀಯ ಅರಸರ ಅಧಿಕಾರ ಕುಗ್ಗಿತು. 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ರಾಜ್ಯ ಕಳೆದುಕೊಂಡ ಚೌಟ ವಂಶಸ್ಥರು ಬ್ರಿಟಿಷರ ಕಾಲದಲ್ಲಿ ವಿಶ್ರಾಂತಿ ವೇತನ ಪಡೆಯುತ್ತಿದ್ದರು. ಮನೆತನದ ಆಧಾರವಾಗಿದ್ದ ಅಳಿಯಸಂತಾನ ಕಟ್ಟನ್ನು 1949ರ ಮದರಾಸು ಅಳಿಯಸಂತಾನ ಕಾಯ್ದೆ ಹಾಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಹುಮಟ್ಟಿಗೆ ಬದಲಿಸಿದವು.

ಉಳ್ಳಾಲದಲ್ಲಿ ವೀರರಾಣಿ ಅಬ್ಬಕ್ಕ ಉತ್ಸವ ನಡೆಯುತ್ತದೆ. ಬಂಟ್ವಾಳದ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ಭಾರತೀಯ ತಟರಕ್ಷಣಾ ಪಡೆ 2012ರಲ್ಲಿ ಸೇವೆಗೆ ಸೇರಿಸಿದ ಗಸ್ತು ನೌಕೆಯೊಂದಕ್ಕೂ ಆಕೆಯ ಹೆಸರಿದೆ.