ಅರೆತಲೆನೋವು ಮತ್ತು ಗುಳಿಗೆಯ ಲೆಕ್ಕ

ಮಹಾನಗರದಲ್ಲಿ ‘ತಲೆನೋವು’ ಎಂಬ ಮಾತು ಕಚೇರಿಯ ಕಡತದಿಂದ ಮನೆಬಾಡಿಗೆಯವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಅರೆತಲೆನೋವು ಮಾತ್ರ ಬೇರೆಯೇ ಬಗೆಯದು. ಸುಶ್ರುತಸಂಹಿತೆ ಇದನ್ನು ‘ಅರ್ಧಾವಭೇದಕ’ವೆಂದು ಕರೆದಿದೆ, ಮೈಗ್ರೇನ್ ಎಂಬ ಪದದ ಗ್ರೀಕ್ ಮೂಲಕ್ಕೂ ಅರ್ಧತಲೆಯೆಂದೇ ಅರ್ಥ. ನಾಡಿ ಮಿಡಿದಂತೆ ಬಡಿಯುವ ನೋವು, ವಾಕರಿಕೆ, ಬೆಳಕನ್ನೂ ಸದ್ದನ್ನೂ ಸಹಿಸಲಾಗದ ಸ್ಥಿತಿ. ಚಿಕಿತ್ಸೆಯಿಲ್ಲದಿದ್ದರೆ 4ರಿಂದ 72 ಗಂಟೆಗಳವರೆಗೆ ಉಳಿಯಬಹುದು. ಬಾಧೆ ಸ್ತ್ರೀಯರಲ್ಲಿಯೇ ಹೆಚ್ಚು. ಅದನ್ನು ಕೆಲಸ ತಪ್ಪಿಸುವ ನೆಪವೆಂದು ಬಗೆಯುವ ಮನೆಮಂದಿ ಇನ್ನೂ ಇರುವುದು ವಿಷಾದಕರ.

ಊಟ ತಪ್ಪುವುದು, ನಿದ್ರೆಗೆಡುವುದು, ಪ್ರಖರ ಬೆಳಕು, ಋತುಸ್ರಾವದ ದಿನಗಳು ನೋವನ್ನು ಕೆರಳಿಸುತ್ತವೆ. ಲೋಕಲ್ ಹಿಡಿಯುವ ಆತುರದಲ್ಲಿ ಉಪಾಹಾರ ಬಿಟ್ಟವರಿಗೂ ಏಕಾದಶಿಯ ನಿಟ್ಟುಪವಾಸದವರಿಗೂ ಇದು ಅನುಭವವೇದ್ಯ. ಆದರೆ ಎಲ್ಲರಿಗೂ ಕಾರಣ ಒಂದೇ ಅಲ್ಲ. ಆದುದರಿಂದ ನೋವು ಬಂದ ದಿನ, ವೇಳೆ, ಹಿಂದಿನ ಊಟ-ನಿದ್ರೆ, ನುಂಗಿದ ಗುಳಿಗೆ ಇವನ್ನು ಜಮಾ-ಖರ್ಚಿನ ಪುಸ್ತಕದಂತೆ ಬರೆದಿಟ್ಟು ವೈದ್ಯರಿಗೆ ತೋರಿಸುವುದು ಲೇಸು.

ಈ ಲೆಕ್ಕದಲ್ಲಿ ಗುಳಿಗೆಗಳ ಅಂಕಣವೇ ಮುಖ್ಯ. ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಹಲವು ಔಷಧಗಳ ಮಿಶ್ರಣವಾದರೆ 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ಸೇವಿಸಿದರೆ ಗುಳಿಗೆಯೇ ತಲೆನೋವನ್ನು ಹುಟ್ಟಿಸಬಲ್ಲದು. ಸಾಲ ತೀರಿಸಲು ಮತ್ತೆ ಸಾಲ ಮಾಡಿದಂತೆ! ಪದೇಪದೇ ನೋವು ಬರುವವರಿಗೆ ವೈದ್ಯರು ಪ್ರೊಪ್ರನೊಲಾಲ್‌ನಂತಹ ತಡೆಮದ್ದನ್ನು ಕೊಡುವುದುಂಟು. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು. ಉಬ್ಬಸವುಳ್ಳವರಿಗೆ ಅದು ಸಲ್ಲದು. 1990ರ ದಶಕದಲ್ಲಿ ಬಳಕೆಗೆ ಬಂದ ಸುಮಾಟ್ರಿಪ್ಟಾನ್ ನೋವಿನ ಆರಂಭದಲ್ಲಿಯೇ ಸೇವಿಸಿದ ಹಲವರಿಗೆ ಉಪಶಮನ ನೀಡುತ್ತದೆ, ಹೃದ್ರೋಗಿಗಳಿಗೆ ವರ್ಜ್ಯ.

ಸಿಡಿಲೆರಗಿದಂತೆ ಹಠಾತ್ತನೆ ಬಂದ ನೋವು, ಜ್ವರದೊಡನೆ ಕುತ್ತಿಗೆಯ ಬಿಗಿತ, ತೊದಲುವ ಮಾತು ಕಂಡಲ್ಲಿ ಲೆಕ್ಕ ಬರೆಯುತ್ತ ಕೂಡದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.