ಕಂದಪದ್ಯದ ಪ್ರಸ್ತಾರಸಂಖ್ಯೆ

ಕಂದದ ಲಕ್ಷಣವನ್ನು ನಿಯಮಗಳ ಪಟ್ಟಿಯಾಗಿ ಕಂಠಪಾಠ ಮಾಡುವುದು ವಿದ್ಯಾರ್ಥಿಗಳಲ್ಲಿ ರೂಢಿ. ಅವುಗಳಲ್ಲಿ ಯಾವ ನಿಯಮವು ಕವಿಯ ಆಯ್ಕೆಯನ್ನು ಎಷ್ಟರಮಟ್ಟಿಗೆ ಕುಗ್ಗಿಸುತ್ತದೆಂಬುದನ್ನು ಎಣಿಸಿ ನೋಡುವುದು ವಿರಳ. ಎಣಿಕೆಯಾದರೋ ಛಂದಶ್ಶಾಸ್ತ್ರಕ್ಕೆ ಹೊರಗಿನದಲ್ಲ. ಪಿಂಗಳನಿಂದ ಮೊದಲ್ಗೊಂಡು ಪ್ರಸ್ತಾರ, ನಷ್ಟ, ಉದ್ದಿಷ್ಟ, ಸಂಖ್ಯೆ ಮುಂತಾದ ಪ್ರತ್ಯಯಗಳು ಅದರ ಅಂಗಗಳೇ ಆಗಿವೆ. ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇವಕ್ಕೆ ಎಡೆಗೊಟ್ಟಿದ್ದಾನೆ.

ಲಘುವನ್ನು 1, ಗುರುವನ್ನು 2 ಎಂದು ಬರೆದರೆ ಮಾತ್ರಾಗಣವು ಅಂಕಗಳ ಒಂದು ಸಾಲಾಗುತ್ತದೆ. ಮೊತ್ತ ನಾಲ್ಕಾಗುವ ಸಾಲುಗಳು ಐದು: 2-2, 2-1-1, 1-2-1, 1-1-2, 1-1-1-1. ಕೊನೆಯದು ಲಘುವಾದರೆ ಹಿಂದಿನ ಮೂರು ಮಾತ್ರೆಗಳಿಗೆ ಮೂರು ರೂಪ, ಗುರುವಾದರೆ ಹಿಂದಿನ ಎರಡು ಮಾತ್ರೆಗಳಿಗೆ ಎರಡು ರೂಪ, ಒಟ್ಟು ಐದು. ಹೀಗೆ ಬೆಳೆಯುವ 1, 2, 3, 5, 8 ಎಂಬ ಶ್ರೇಣಿಯನ್ನು ವಿರಹಾಂಕ, ಹೇಮಚಂದ್ರರು ಬಲ್ಲವರಾಗಿದ್ದರು. ಇಟಲಿಯ ಫಿಬೊನಾಚಿಯ ಗ್ರಂಥವು 1202ರದು.

ಕಂದದ ಪೂರ್ವಾರ್ಧದಲ್ಲಿ ಇಂಥ ಎಂಟು ಗಣಗಳು: ಮೊದಲ ಪಾದದಲ್ಲಿ ಮೂರು, ಎರಡನೆಯದರಲ್ಲಿ ಐದು. ವಿಷಮಸ್ಥಾನಗಳಲ್ಲಿ ಜಗಣ (1-2-1) ಸಲ್ಲದು. ಆದುದರಿಂದ ಆ ನಾಲ್ಕು ಸ್ಥಾನಗಳಲ್ಲಿ ನಾಲ್ಕು ನಾಲ್ಕು ರೂಪಗಳು. ಎರಡನೆಯ, ನಾಲ್ಕನೆಯ ಗಣಗಳಿಗೆ ಐದೂ ಸಲ್ಲುತ್ತವೆ. ಆರನೆಯದು ಜಗಣವೋ ಸರ್ವಲಘುವೋ ಆಗಿರಬೇಕು, ಎಂಟನೆಯದು ಗುರ್ವಂತವಾಗಿರಬೇಕು, ಎರಡಕ್ಕೂ ಎರಡೆರಡೇ ರೂಪ. ಗುಣಿಸಿದರೆ 25,600. ಉತ್ತರಾರ್ಧವೂ ಅಷ್ಟೇ ಆದುದರಿಂದ ಇಡೀ ಪದ್ಯಕ್ಕೆ 65,53,60,000 ರೂಪಗಳು. ಇದೇ ಕ್ರಮದಲ್ಲಿ ಎಣಿಸಿದರೆ ಆರ್ಯೆಗೆ ದೊರೆಯುವುದು 8,19,20,000. ಕಂದದ್ದು ಅದರ ಸರಿಯಾಗಿ ಎಂಟು ಮಡಿ.

ಆದರೆ ಇದು ಪ್ರಾಸವಿಲ್ಲದ ಲೆಕ್ಕ. ಆದಿಪ್ರಾಸವನ್ನು ವ್ಯಂಜನದ ಆವೃತ್ತಿಯೆಂದು ಮಾತ್ರ ತಿಳಿಯುವವರು ಅದರ ಇನ್ನೊಂದು ಕಟ್ಟನ್ನು ಮರೆಯುತ್ತಾರೆ. ನಾಲ್ಕೂ ಪಾದಗಳ ಮೊದಲ ಅಕ್ಷರ ಒಂದೇ ತೂಕದ್ದಾಗಿರಬೇಕು: ಸಿಂಹಪ್ರಾಸದಲ್ಲಿ ಲಘು, ಗಜ, ವೃಷಭ, ಶರಭ, ಅಜ, ಹಯಗಳಲ್ಲಿ ಗುರು. ಪಾದಾದಿಯಲ್ಲಿ ಬರುವ ಗಣಗಳು ಪ್ರತಿ ಅರ್ಧದ ಒಂದನೆಯದು ಮತ್ತು ನಾಲ್ಕನೆಯದು. ಒಂದನೆಯದರಲ್ಲಿ ಗುರ್ವಾದಿ ಎರಡು, ಲಘ್ವಾದಿ ಎರಡು. ನಾಲ್ಕನೆಯದರಲ್ಲಿ ಜಗಣವೂ ಸೇರುವುದರಿಂದ ಗುರ್ವಾದಿ ಎರಡು, ಲಘ್ವಾದಿ ಮೂರು. ಉಳಿದ ಆರು ಗಣಗಳಿಂದ ಅರ್ಧಕ್ಕೆ 1,280 ರೂಪಗಳು. ಗುರುವಿನಿಂದ ತೊಡಗುವ ಅರ್ಧ 5,120, ಲಘುವಿನಿಂದ ತೊಡಗುವ ಅರ್ಧ 7,680. ಇವುಗಳ ವರ್ಗಗಳನ್ನು ಕೂಡಿಸಿದರೆ 8,51,96,800. ಅಂದರೆ ನೂರಕ್ಕೆ ಹದಿಮೂರು ರೂಪಗಳು ಮಾತ್ರ ಉಳಿದವು! ಅಕ್ಷರಗಳ ಆಯ್ಕೆಗೆ ತೊಡಗುವ ಮೊದಲೇ, ಕೇವಲ ತೂಕದ ಕಟ್ಟಿನಿಂದ ಆಗುವ ಸಂಕೋಚವಿದು. ಪ್ರಾಸತ್ಯಾಗದ ಚರ್ಚೆಯಲ್ಲಿ ಈ ಅಂಶ ಅಷ್ಟಾಗಿ ಪರಿಗಣನೆಗೆ ಬಂದಂತಿಲ್ಲ.

ಉಳಿದ ಹದಿಮೂರರಲ್ಲಿ ಸಿಂಹಪ್ರಾಸವೊಂದಕ್ಕೇ ಒಂಬತ್ತು ಭಾಗ. ಮಿಕ್ಕ ಐದು ಪ್ರಾಸಗಳಿಗೆಲ್ಲ ಸೇರಿ ನಾಲ್ಕು. ಭಾಷೆಯಲ್ಲಿ ಲಘ್ವಾದಿ ಪದಗಳೆಷ್ಟು, ಗುರ್ವಾದಿ ಪದಗಳೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಅದರಿಂದ ಈ ಪ್ರಮಾಣವು ಕಾವ್ಯಗಳಲ್ಲಿ ಹಾಗೆಯೇ ಕಾಣಬೇಕೆಂದಿಲ್ಲ. ‘ಕವಿರಾಜಮಾರ್ಗ’ದ ಕಂದಗಳನ್ನು ಪ್ರಾಸಾನುಸಾರ ವಿಂಗಡಿಸಿ 9:4ರೊಡನೆ ಹೋಲಿಸಿದರೆ, ಛಂದಸ್ಸು ಒಡ್ಡಿದ ಒಲವೆಷ್ಟು, ಕವಿಯದೆಷ್ಟು ಎಂಬುದನ್ನು ಬೇರ್ಪಡಿಸಲು ಸಾಧ್ಯವಾಗುತ್ತದೆ.