ಗೂಗಲ್‌ಗೆ ಕಾಣದ ಶಾಸನಗಳು ಮತ್ತು ಹಂಚಿಕೆಯ ಬುಕ್‌ಮಾರ್ಕು

ನನ್ನ ಬ್ರೌಸರ್‌ನಲ್ಲಿ 'ಶಾಸನ' ಅನ್ನೋ ಫೋಲ್ಡರ್ ಒಂದಿದೆ. ಎಂಟು ವರ್ಷ ಕೂಡಿಹಾಕಿದ ಕೊಂಡಿಗಳು. ತುಮಕೂರು ಕಡೆಯ ವೀರಗಲ್ಲೊಂದರ ಪುಟವೂ ಅದರಲ್ಲಿತ್ತು. ಹೋದ ಬೇಸಿಗೆಯಲ್ಲಿ ಆ ಊರಿಗೆ ಹೋದರೆ, ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಕಲ್ಲಿನ ಕೊನೆಯ ಎರಡು ಸಾಲು ಸಿಮೆಂಟಿನೊಳಗೆ ಹೂತುಹೋಗಿತ್ತು. ಹಳೇ ಫೋಟೋ ಇದೆಯಲ್ಲ ಅಂತ ಮನೆಗೆ ಬಂದು ಕೊಂಡಿ ಒತ್ತಿದೆ. ಪುಟವೇ ಇಲ್ಲ!

ಆ ಪುಟ ಮತ್ತೆ ಸಿಕ್ಕಿದ್ದು ಸೋಶಿಯಲ್ ಬುಕ್‌ಮಾರ್ಕಿಂಗ್‌ನಿಂದ. ನಾವು ಮೆಚ್ಚಿದ ಪುಟದ ಕೊಂಡಿಯನ್ನು ನಮ್ಮ ಕಂಪ್ಯೂಟರಿನ ಬದಲು ಜಾಲದಲ್ಲೇ ಇಟ್ಟು, ಟ್ಯಾಗುಗಳನ್ನೂ ಒಂದೆರಡು ಸಾಲಿನ ಟಿಪ್ಪಣಿಯನ್ನೂ ಸೇರಿಸಿ ಬೇರೆಯವರಿಗೂ ಕಾಣುವಂತೆ ಮಾಡುವುದು, ಅಷ್ಟೇ. 2003ರಲ್ಲಿ ಬಂದ ಡೆಲಿಶಿಯಸ್ ಇದನ್ನು ಜನಪ್ರಿಯಗೊಳಿಸಿತು. ಅದೂ ಕೈಯಿಂದ ಕೈಗೆ ಹೋಗಿ, 2017ರಲ್ಲಿ ಪಿನ್‌ಬೋರ್ಡ್ ಕೊಂಡ ಮೇಲೆ ಹೊಸ ಕೊಂಡಿ ಸೇರಿಸುವುದೇ ನಿಂತಿತು. ಹಾಗಾಗಿ ಯಾವ ಸೇವೆ ಬಳಸಿದರೂ ಆಗಾಗ ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಳ್ಳಿ. ನಾನೀಗ ಬಳಸೋದು ಜೊಟೆರೊದ ಗುಂಪು ಗ್ರಂಥಾಲಯ. ಅದು ಕೊಂಡಿಯ ಜೊತೆ ಪುಟದ ನಕಲನ್ನೂ ಉಳಿಸುತ್ತದೆ. ಉಚಿತ ಜಾಗ 300 ಎಂಬಿ ಮಾತ್ರ, ಗುಂಪಿನ ಕಡತಗಳೆಲ್ಲ ಅದರ ಒಡೆಯನ ಲೆಕ್ಕಕ್ಕೇ ಬೀಳುತ್ತವೆ.

ಗೂಗಲ್ ಇರುವಾಗ ಇದೆಲ್ಲ ಯಾಕೆ ಅಂತ ಗೆಳೆಯರು ಕೇಳ್ತಾರೆ. ನಮ್ಮ ವಿಷಯದಲ್ಲಿ ಗೂಗಲ್‌ಗೆ ಅರ್ಧಕ್ಕರ್ಧ ಕಣ್ಣೇ ಕಾಣಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳು ನಮಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹಳೇ ಸಂಪುಟಗಳ ಸ್ಕ್ಯಾನುಗಳು ಬರೀ ಚಿತ್ರ. ಇಂಟರ್ನೆಟ್ ಆರ್ಕೈವ್‌ನಲ್ಲಿ ಎಷ್ಟೋ ಪುಸ್ತಕಗಳ ಹೆಸರೇ ತಪ್ಪುತಪ್ಪಾಗಿ ನಮೂದಾಗಿದೆ. ಇವನ್ನು ತೆರೆದು, ಓದಿ, ಇದು ಇಂಥ ಶಾಸನ ಅಂತ ಹೆಸರಿಡಬೇಕಾದವನು ಮನುಷ್ಯನೇ.

ಹೆಸರಿಡೋದರಲ್ಲೂ ಒಂದು ಶಿಸ್ತು ಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗರ ಕಾಲದ ವೀರಗಲ್ಲನ್ನೇ ತಗೊಳ್ಳಿ. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಅದೇ ಕಲ್ಲು 'ಬೆಂಗಳೂರು 83'. ಬರೀ 'ಬೇಗೂರು' ಅಂತ ಟ್ಯಾಗ್ ಹಾಕಿದರೆ ಆ ಊರಿನ ಇನ್ನಷ್ಟು ಶಾಸನಗಳ ಜೊತೆ ಇದು ಕಲಸಿಹೋಗುತ್ತದೆ. 'ಎಕ9-ಬೆಂ-83' ಅಂತ ಹಾಕಿದರೆ ಈ ಕಲ್ಲಿಗೆ ಸಂಬಂಧಿಸಿದ ಸ್ಕ್ಯಾನು, ಫೋಟೋ, ಲೇಖನ ಎಲ್ಲ ಒಂದೆಡೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳಿಗೆ ಬೇರೆಯೇ ಸಂಖ್ಯಾಕ್ರಮವಿದೆ, ಅಲ್ಲಿಂದ ತೆಗೆದದ್ದಾದರೆ 'ಪರಿಷ್ಕೃತ' ಅಂತ ಕಡ್ಡಾಯವಾಗಿ ಸೇರಿಸಿ. ಟಿಪ್ಪಣಿಯಲ್ಲಿ ಪಿಡಿಎಫ್‌ನ ಪುಟಸಂಖ್ಯೆ ಬರೆಯಿರಿ, ಅಚ್ಚಿನ ಪುಟವೂ ಸ್ಕ್ಯಾನಿನ ಪುಟವೂ ಒಂದೇ ಆಗಿರೋದು ಅಪರೂಪ.

ಹತ್ತು ಜನ ಉಳಿಸಿದ್ದಾರೆ ಅಂದಮಾತ್ರಕ್ಕೆ ಪಾಠ ಸರಿ ಅಂತಲ್ಲ. ಒಂದು ತಪ್ಪು ಓದು ಹತ್ತು ತಾಣಗಳಿಗೆ ನಕಲಾಗಿರೋದನ್ನು ಎಷ್ಟೋ ಸಲ ನೋಡಿದ್ದೇನೆ. ನಾನು ಟ್ಯಾಗ್‌ನಲ್ಲೇ 'ಅಚ್ಚುಮುದ್ರೆ-ನೋಡಿದೆ' ಅಥವಾ 'ನೋಡಿಲ್ಲ' ಅಂತ ಹಾಕ್ತೇನೆ. ಇನ್ನೊಂದು ವಿಷಯದಲ್ಲಿ ನಾನು ಬಲು ಜಿಪುಣ. ಹೊಲದಲ್ಲಿ, ಪೊದೆಯಲ್ಲಿ ಕಾವಲಿಲ್ಲದೆ ನಿಂತಿರುವ ಕಲ್ಲಿನ ಜಿಪಿಎಸ್ ಗುರುತನ್ನು ಎಲ್ಲರಿಗೂ ಕಾಣುವ ಸಂಗ್ರಹದಲ್ಲಿ ಇಡಬೇಡಿ. ಶಾಸನದ ಬುಡದಲ್ಲಿ ನಿಧಿ ಇದೆ ಅಂತ ಅಗೆಯುವವರು ಇವತ್ತಿಗೂ ಇದ್ದಾರೆ. ಅದಕ್ಕೆ ಆಯ್ದ ನಾಲ್ಕು ಜನರ ಖಾಸಗಿ ಗುಂಪು ಸಾಕು.

ಅಂದಹಾಗೆ ಆ ತುಮಕೂರಿನ ಪುಟ. ನಮ್ಮ ಗುಂಪಿನ ಮೇಷ್ಟ್ರೊಬ್ಬರು ಅದನ್ನು ಊರ ಹೆಸರಿನ ಟ್ಯಾಗ್ ಹಾಕಿ ಸೇರಿಸಿದ್ದರು, ಜೊತೆಗೆ ಅವತ್ತೇ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಿದ್ದರು. ನಕಲು ತೆರೆಯಿತು. ದೊಡ್ಡ ಫೋಟೋ ಉಳಿದಿರಲಿಲ್ಲ, ಅಂಗೈಯಗಲದ ಸಣ್ಣ ಚಿತ್ರ ಮಾತ್ರ. ಅದರಲ್ಲೇ ಹಿಗ್ಗಿಸಿ ಹಿಗ್ಗಿಸಿ, ಸತ್ತವನ ಹೆಸರಿನ ಮೊದಲ ಮೂರು ಅಕ್ಷರ ಓದಿದೆವು. ಉಳಿದ ಎರಡು ಇನ್ನೂ ಸಿಮೆಂಟಿನಡಿಯಲ್ಲಿವೆ. ಯಾರಾದರೂ 2019ಕ್ಕಿಂತ ಮುಂಚೆ ಆ ಕಡೆ ಹೋಗಿ ಫೋಟೋ ತೆಗೆದಿದ್ದರೆ, ದಯವಿಟ್ಟು ನಿಮ್ಮ ಹಳೇ ಫೋಲ್ಡರ್ ಒಮ್ಮೆ ತೆಗೆದು ನೋಡಿ.